ಮೂರು ಅಳತೆಯ ರೀಫ್ ತೊಟ್ಟಿಗಳು: 40, 180 ಮತ್ತು 430 ಲೀಟರ್

ರೀಫ್ ಅಕ್ವೇರಿಯಂ, ಅಂದರೆ ಉಪ್ಪುನೀರಿನಲ್ಲಿ ಹವಳ ಮತ್ತು ಮೀನುಗಳನ್ನು ಸಾಕುವ ತೊಟ್ಟಿ, ಆರಂಭಿಸಲು ಹೊರಟವರ ಕಿವಿಗೆ ಮೊದಲು ಬೀಳುವ ಸಲಹೆಯೆಂದರೆ, ತೊಟ್ಟಿ ದೊಡ್ಡದಾದಷ್ಟೂ ಅದನ್ನು ನೋಡಿಕೊಳ್ಳುವುದು ಸುಲಭ ಎಂಬುದು. ನೀರು ಹೆಚ್ಚಿದ್ದರೆ ಲವಣಾಂಶ, ಉಷ್ಣತೆ, ಕ್ಷಾರತೆಗಳು ಥಟ್ಟನೆ ಏರುಪೇರಾಗುವುದಿಲ್ಲವೆಂಬುದು ಅದಕ್ಕೆ ಕೊಡುವ ಕಾರಣ. ಕಳೆದ ಒಂಬತ್ತು ವರ್ಷಗಳಲ್ಲಿ ನಾನು ಮೂರು ಅಳತೆಯ ತೊಟ್ಟಿಗಳನ್ನು ನಡೆಸಿದ್ದೇನೆ. ಅವುಗಳಲ್ಲಿ ಎರಡೆರಡು ಒಂದೇ ಕೋಣೆಯಲ್ಲಿ ಜೊತೆಯಾಗಿದ್ದ ಕಾಲವೂ ಉಂಟು. ಪ್ರತಿಯೊಂದಕ್ಕೂ ಬೇರೆ ನೋಟ್‌ಬುಕ್ ಇಟ್ಟು ಅಳತೆಗಳನ್ನೂ ಮಾಡಿದ ಕೆಲಸವನ್ನೂ ಬರೆಯುತ್ತ ಬಂದೆ. ಆ ಪುಟಗಳನ್ನು ಈಗ ತಿರುವಿದರೆ, ಆ ಸಲಹೆ ಒಂದು ಗಾತ್ರದವರೆಗೆ ಮಾತ್ರ ನಿಜ, ಅದೂ ಸಾಮಾನ್ಯವಾಗಿ ಹೇಳುವ ಕಾರಣಕ್ಕಲ್ಲ ಎಂದು ನನಗೆ ಅನ್ನಿಸುತ್ತದೆ.

ಮೊದಲನೆಯದು ಪ್ರತಿ ಬದಿ 35 ಸೆಂಟಿಮೀಟರ್ ಇರುವ ಚೌಕ ತೊಟ್ಟಿ. ಅಂಚಿನವರೆಗೆ ತುಂಬದೆ ಬಿಟ್ಟರೆ ಹೆಚ್ಚುಕಡಿಮೆ 40 ಲೀಟರ್. ಎರಡನೆಯದು 90 ಸೆಂಟಿಮೀಟರ್ ಉದ್ದ, 45 ಅಗಲ, 45 ಆಳದ 180 ಲೀಟರಿನದು. ಮೂರನೆಯದು 120 ಉದ್ದ, 60 ಅಗಲ, 60 ಆಳದ 430 ಲೀಟರಿನದು. ದೊಡ್ಡ ಎರಡಕ್ಕೂ ಕೆಳಗಿನ ಕ್ಯಾಬಿನೆಟ್‌ನಲ್ಲಿ ಸಂಪ್ (ತೊಟ್ಟಿಯ ನೀರು ಹರಿದು ಬರುವ ಇನ್ನೊಂದು ಸಣ್ಣ ತೊಟ್ಟಿ) ಇದ್ದವು. ನೀರಿನ ಕಶ್ಮಲವನ್ನು ನೊರೆಯಾಗಿ ಎತ್ತಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಮತ್ತು ಹೀಟರ್‌ಗಳು ಅಲ್ಲಿ ಅಡಗಿರುತ್ತಿದ್ದವು. ಚಿಕ್ಕದಕ್ಕೆ ಹಿಂಬದಿಯಲ್ಲಿ ನೇತುಹಾಕುವ ಫಿಲ್ಟರ್ ಒಂದೇ. ಮೂರರಲ್ಲೂ ಲವಣಾಂಶ ಸಾವಿರಕ್ಕೆ 35 ಭಾಗ, ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್, ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆಯನ್ನು ಅಳೆಯುವ ಮಾನ) ಎಂಬುದೇ ಗುರಿಯಾಗಿತ್ತು.

ಆವಿಯ ವಿಷಯವನ್ನು ಮೊದಲು ಹೇಳಬೇಕು, ಏಕೆಂದರೆ ಚಿಕ್ಕ ತೊಟ್ಟಿಯ ವಿರುದ್ಧ ಹೂಡುವ ವಾದಗಳಲ್ಲಿ ಇದೇ ಮುಂದೆ ನಿಲ್ಲುತ್ತದೆ. ನೀರು ಆವಿಯಾಗುವಾಗ ಉಪ್ಪು ಹಿಂದೆ ಉಳಿಯುವುದರಿಂದ ಲವಣಾಂಶ ಏರುತ್ತದೆ. ನನ್ನ ಕೋಣೆಯಲ್ಲಿ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಇಳಿಯುತ್ತಿತ್ತು, ಮತ್ತು ಈ ಇಳಿಕೆ ಮೂರೂ ತೊಟ್ಟಿಗಳಲ್ಲಿ ಬಹುತೇಕ ಒಂದೇ ಆಗಿತ್ತು. ಅಂದಮೇಲೆ ಒಟ್ಟು ನೀರಿನಲ್ಲಿ ಎಷ್ಟು ಪಾಲು ಹೋಯಿತೆಂಬುದನ್ನು ನಿರ್ಧರಿಸುವುದು ಲೀಟರ್ ಲೆಕ್ಕವಲ್ಲ, ಆಳ. ಸಂಪನ್ನು ಬಿಟ್ಟು ನೋಡಿದರೆ 35 ಸೆಂಟಿಮೀಟರ್ ಆಳದಲ್ಲಿ ದಿನಕ್ಕೆ ಶೇಕಡಾ 1.4, 45ರಲ್ಲಿ 1.1, 60ರಲ್ಲಿ 0.8 ಪಾಲು ಹೋಗುತ್ತದೆ. ಮೂರು ದಿನ ಯಾರೂ ನೀರು ಸೇರಿಸದಿದ್ದರೆ ಲವಣಾಂಶ 35ರಿಂದ ಕ್ರಮವಾಗಿ 36.6, 36.2, 35.9ಕ್ಕೆ ಮುಟ್ಟುತ್ತದೆ. ವ್ಯತ್ಯಾಸವಿದೆ, ಆದರೆ ಹತ್ತು ಪಟ್ಟು ನೀರಿಗೆ ಹತ್ತು ಪಟ್ಟು ಸ್ಥಿರತೆ ಬರುವುದಿಲ್ಲ. ನೀರನ್ನು ತಾನಾಗಿ ಭರ್ತಿಮಾಡುವ ಪಂಪ್ ಮತ್ತು ಫ್ಲೋಟ್ ಸೆನ್ಸರ್ ಜೋಡಿಸಿದ ಮೇಲಂತೂ ಲೆಕ್ಕ ತಿರುಗಿಬೀಳುತ್ತದೆ. ಚಿಕ್ಕದಕ್ಕೆ ದಿನಕ್ಕೆ 600 ಮಿಲಿಲೀಟರ್ ಸಾಕಾದ್ದರಿಂದ 10 ಲೀಟರಿನ ಕ್ಯಾನ್ ಎರಡು ವಾರ ಬರುತ್ತಿತ್ತು; ದೊಡ್ಡದಕ್ಕೆ 25 ಲೀಟರಿನ ಕ್ಯಾನ್ ವಾರದೊಳಗೆ ಬರಿದಾಗುತ್ತಿತ್ತು. ಆ ಶುದ್ಧ ನೀರನ್ನು ಆರ್‌ಓ ಘಟಕದಿಂದ ತೊಟ್ಟಿಕ್ಕಿಸಿ ಹಿಡಿದು ತುಂಬಬೇಕಾದವನು ನಾನೇ.

ಚಿಕ್ಕ ತೊಟ್ಟಿಯ ನಿಜವಾದ ದೌರ್ಬಲ್ಯ ಕಾಣಿಸುವುದು ಕೈತಪ್ಪಿನಲ್ಲಿ. ಹವಳಗಳು ಅಸ್ಥಿಪಂಜರ ಕಟ್ಟಲು ಬಳಸಿಕೊಳ್ಳುವ ಕ್ಷಾರತೆಯನ್ನು ತುಂಬಿಕೊಡಲು ನಾನು ಸೋಡಿಯಂ ಬೈಕಾರ್ಬೊನೇಟ್ ಕರಗಿಸಿ ಹಾಕುತ್ತೇನೆ. ಒಂದು ಲೀಟರ್ ನೀರಿನಲ್ಲಿ ಒಂದು ಡಿಕೆಎಚ್ ಏರಿಸಲು ಬೇಕಾಗುವುದು ಸುಮಾರು 0.03 ಗ್ರಾಂ. ಹಾಗಾಗಿ ತಪ್ಪಿ ಒಂದು ಗ್ರಾಂ ಹೆಚ್ಚು ಬಿದ್ದರೆ 40 ಲೀಟರಿನಲ್ಲಿ ಕ್ಷಾರತೆ 0.8 ಏರುತ್ತದೆ, 180ರಲ್ಲಿ 0.2ಕ್ಕಿಂತ ಸ್ವಲ್ಪ ಕಡಿಮೆ, 430ರಲ್ಲಿ 0.1 ಕೂಡ ಅಲ್ಲ. ಕಲ್ಲು ಮರಳುಗಳು ಜಾಗ ತಿನ್ನುವುದರಿಂದ ವಾಸ್ತವದಲ್ಲಿ ಏರಿಕೆ ಇನ್ನೂ ತುಸು ಹೆಚ್ಚು. ಕಲ್ಲಿನ ಸಂದಿಯಲ್ಲಿ ಸತ್ತು ಕೊಳೆತ ಒಂದು ಬಸವನಹುಳು, ಬೆರಳ ತುದಿಯಿಂದ ಹೆಚ್ಚಾಗಿ ಉದುರಿದ ಆಹಾರ, ಇವೆಲ್ಲಕ್ಕೂ ಇದೇ ಗಣಿತ. ಗಮನಿಸಬೇಕಾದ ಅಂಶವೆಂದರೆ, ಈ ಸುರಕ್ಷತೆಯ ಬಹುಪಾಲು 40ರಿಂದ 180ಕ್ಕೆ ಹೋಗುವಾಗಲೇ ದೊರೆಯುತ್ತದೆ, 0.2ನ್ನು 0.1ಕ್ಕೆ ಇಳಿಸಿಕೊಂಡು ನನಗೆ ಆದ ಲಾಭ ಅಷ್ಟರಲ್ಲೇ ಇದೆ.

ಹೀಟರ್ ವಿಷಯದಲ್ಲಿ ನಾನೇ ಮಾಡಿಕೊಂಡ ಎಡವಟ್ಟೊಂದಿದೆ. ಚಿಕ್ಕ ತೊಟ್ಟಿಗೆ 50 ವ್ಯಾಟ್ ಸಾಕಿತ್ತು. ಮನೆಯಲ್ಲಿ ಬಿದ್ದಿದ್ದ 100 ವ್ಯಾಟಿನದನ್ನೇ ಹಾಕಿದ್ದೆ. ಒಂದು ರಾತ್ರಿ ಥರ್ಮೋಸ್ಟಾಟ್ ಸಿಕ್ಕಿಕೊಂಡು ಹೀಟರ್ ಆರಲೇ ಇಲ್ಲ. 100 ವ್ಯಾಟ್ ಶಾಖ 40 ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು, ಹೊರಗೆ ಸೋರುವ ಶಾಖವನ್ನು ಬಿಟ್ಟರೆ, ಅರ್ಧ ಗಂಟೆಯೂ ಬೇಕಿಲ್ಲ. ಬೆಳಿಗ್ಗೆ ನೋಡಿದಾಗ ನೀರು 32 ಡಿಗ್ರಿ ಮುಟ್ಟಿತ್ತು; ಯೂಫಿಲಿಯಾ ಹವಳ ಬಿಳಿಚಿಕೊಂಡು ಮತ್ತೆ ಚೇತರಿಸಲಿಲ್ಲ. ಇದನ್ನು ಚಿಕ್ಕ ತೊಟ್ಟಿಯ ದೋಷವೆಂದು ಬಹುಕಾಲ ನಂಬಿದ್ದೆ. ಆದರೆ ಲೀಟರಿಗೆ ಎರಡೂವರೆ ವ್ಯಾಟ್ ಹಾಕಿದರೆ ದೊಡ್ಡ ತೊಟ್ಟಿಯೂ ಹೀಗೆಯೇ ಕಾಯುತ್ತದೆ. ದೊಡ್ಡದಕ್ಕಿರುವ ಅನುಕೂಲವೆಂದರೆ ಅಲ್ಲಿ ಹೀಟರನ್ನು ಎರಡಾಗಿ ಒಡೆದು ಹಾಕಬಹುದು. ಒಂದು ಸಿಕ್ಕಿಕೊಂಡರೂ ಅದರ ಬಲ ಅರ್ಧ ಮಾತ್ರ. 180 ಲೀಟರಿಗೆ 100 ವ್ಯಾಟಿನ ಎರಡು ಹೀಟರ್‌ಗಳನ್ನು ಇಟ್ಟಿದ್ದೇನೆ.

ಇನ್ನು ತಪ್ಪನ್ನು ತಿದ್ದುವ ಮಾತು. ಚಿಕ್ಕದರಲ್ಲಿ ಏನೇ ಕೆಟ್ಟರೂ 20 ಲೀಟರ್ ಹೊಸ ನೀರು ಕಲಸಿದರೆ ಒಂದೇ ಸಲಕ್ಕೆ ಅರ್ಧ ನೀರು ಬದಲಾಗುತ್ತದೆ. ದೊಡ್ಡದರಲ್ಲಿ ಅರ್ಧ ಬದಲಿಸಲು 215 ಲೀಟರ್ ಸಮುದ್ರದ ನೀರು ಬೇಕು, ಅಂದರೆ ಏಳೂವರೆ ಕಿಲೋ ಮೇಲ್ಪಟ್ಟು ಉಪ್ಪು, ಜೊತೆಗೆ ಅದನ್ನು ಕಲಸಿಡಲು ಒಂದು ಪೀಪಾಯಿ. ನನ್ನ ದೊಡ್ಡ ತೊಟ್ಟಿಯಲ್ಲಿ ಪಾಚಿಗೆ ಆಹಾರವಾಗುವ ಫಾಸ್ಫೇಟ್ ಸದ್ದಿಲ್ಲದೆ ತಿಂಗಳುಗಟ್ಟಲೆ ಏರಿ, 0.05 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಇದ್ದದ್ದು 0.4 ತಲುಪಿತು. ಗಾಜಿನ ಮೇಲೆ ಪಾಚಿ ಎರಡು ದಿನಕ್ಕೊಮ್ಮೆ ಮೂಡತೊಡಗಿದಾಗಲೇ ನನಗೆ ಎಚ್ಚರವಾದದ್ದು. ಅಷ್ಟರಲ್ಲಿ ಕಲ್ಲುಗಳು ಫಾಸ್ಫೇಟನ್ನು ಹೀರಿ ಇಟ್ಟುಕೊಂಡಿದ್ದವು. ನೀರಿನಿಂದ ತೆಗೆದಷ್ಟೂ ಅವು ಮತ್ತೆ ಬಿಟ್ಟುಕೊಡುತ್ತಿದ್ದವು. ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು.

ಅದು ಏರಿದ್ದಾದರೂ ಏಕೆ ಎಂಬುದಕ್ಕೆ ಉತ್ತರ ನೋಟ್‌ಬುಕ್ಕಿನಲ್ಲಿದೆ. ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಿಸುವುದು ನಾನು ಇಟ್ಟುಕೊಂಡ ನಿಯಮ. ಚಿಕ್ಕದಕ್ಕೆ ಅದು 4 ಲೀಟರ್, ಒಂದು ಜಗ್ಗಿನ ಕೆಲಸ. ನಡುವಿನದಕ್ಕೆ 18 ಲೀಟರ್, ಒಂದು ಬಕೆಟ್. ದೊಡ್ಡದಕ್ಕೆ 43 ಲೀಟರ್. ಮೂರು ಬಕೆಟ್ ಹೊರಗೆ, ಮೂರು ಬಕೆಟ್ ಒಳಗೆ. ಮೊದಲ ಐದು ತಿಂಗಳು ವಾರ ತಪ್ಪದೆ ತಾರೀಖುಗಳಿವೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ವರ್ಷ ಕಳೆಯುವಷ್ಟರಲ್ಲಿ ತಿಂಗಳಿಗೊಮ್ಮೆ. 180 ಲೀಟರಿನ ಪುಟಗಳಲ್ಲಿ ನಾಲ್ಕು ವರ್ಷಗಳಲ್ಲಿ ತಪ್ಪಿದ ವಾರಗಳು ಕೈಬೆರಳೆಣಿಕೆಯಷ್ಟು. ನಾನು ಅಷ್ಟೇ ಸೋಮಾರಿ, ಬದಲಾದದ್ದು ಬಕೆಟ್ಟುಗಳ ಸಂಖ್ಯೆ. ಗಾಜು ಒರೆಸುವುದು, ಸ್ಕಿಮ್ಮರ್ ಲೋಟ ತೊಳೆಯುವುದು, ಪರೀಕ್ಷೆ ಎಲ್ಲ ಸೇರಿ ನಡುವಿನದಕ್ಕೆ ವಾರಕ್ಕೆ 50 ನಿಮಿಷ ಹಿಡಿದರೆ ದೊಡ್ಡದಕ್ಕೆ ಎರಡು ಗಂಟೆ ದಾಟುತ್ತಿತ್ತು. ಚಿಕ್ಕದಕ್ಕೆ ವಾರಕ್ಕೆ 25 ನಿಮಿಷ ಸಾಕು, ಆದರೆ ಕ್ಷಾರತೆಯನ್ನು ದಿನ ಬಿಟ್ಟು ದಿನ ಅಳೆಯದಿದ್ದರೆ ನೆಮ್ಮದಿ ಇರುತ್ತಿರಲಿಲ್ಲ.

ಆಳದ ಬಗ್ಗೆ ಯಾರೂ ಮೊದಲೇ ಹೇಳದ ಸಂಗತಿಯೊಂದಿದೆ. 60 ಸೆಂಟಿಮೀಟರ್ ಆಳದ ತೊಟ್ಟಿಯನ್ನು 75 ಸೆಂಟಿಮೀಟರ್ ಎತ್ತರದ ಸ್ಟ್ಯಾಂಡಿನ ಮೇಲಿಟ್ಟರೆ ಅಂಚು ನೆಲದಿಂದ 135 ಸೆಂಟಿಮೀಟರ್ ಮೇಲಿರುತ್ತದೆ. ತಳದಲ್ಲಿ ಉರುಳಿಬಿದ್ದ ಹವಳದ ತುಂಡನ್ನು ಎತ್ತಲು ಸ್ಟೂಲ್ ಹತ್ತಿ, ಕಂಕುಳವರೆಗೆ ತೋಳನ್ನು ಇಳಿಸಿ, ಕಾಣದ ಕಡೆ ಬೆರಳಾಡಿಸಬೇಕು. 45 ಸೆಂಟಿಮೀಟರಿನಲ್ಲಿ ನಿಂತ ನಿಲುವಿಗೇ ಕೈ ಮರಳನ್ನು ಮುಟ್ಟುತ್ತದೆ. ಆವಿಯ ಲೆಕ್ಕದಲ್ಲಿ ಆಳ ಗೆದ್ದರೂ ನಿರ್ವಹಣೆಯಲ್ಲಿ ಸೋಲುತ್ತದೆ. ಲೀಟರ್ ಹೆಚ್ಚಿಸಬೇಕೆನ್ನುವವರು ಉದ್ದ ಅಗಲಗಳಲ್ಲಿ ಹೆಚ್ಚಿಸಿಕೊಳ್ಳುವುದು ಲೇಸು.

ಜೀವಿಗಳ ಆಯ್ಕೆ ಗಾತ್ರವನ್ನು ತಾನೇ ನಿರ್ಧರಿಸುವ ಸಂದರ್ಭಗಳೂ ಇವೆ. ಚಿಕ್ಕದರಲ್ಲಿ ಒಂದು ಗೋಬಿ ಮೀನು, ಅದರ ಜೊತೆಗಾರ ಪಿಸ್ತೂಲ್ ಸೀಗಡಿ, ಅಣಬೆ ಹವಳ ಮತ್ತು ಜೊವಾಂಥಿಡ್ ಎಂಬ ಹವಳದಂಥ ಜೀವಿಗಳು ಸುಖವಾಗಿದ್ದವು. ಆದರೆ ರಾತ್ರಿ ಉದ್ದನೆಯ ಕುಟುಕೆಳೆಗಳನ್ನು ಚಾಚಿ ನೆರೆಯವುಗಳನ್ನು ಸುಡುವ ಯೂಫಿಲಿಯಾದಂಥ ಹವಳಕ್ಕೆ 35 ಸೆಂಟಿಮೀಟರಿನೊಳಗೆ ದೂರವೆಂಬುದೇ ಇಲ್ಲ. ನಡುವಿನದು ಒಂದು ಜೋಡಿ ಕ್ಲೌನ್ ಮೀನು, ಮೂರು ನಾಲ್ಕು ಸಣ್ಣ ಮೀನುಗಳು ಮತ್ತು ಬಗೆಬಗೆಯ ಹವಳಗಳನ್ನು ಧಾರಾಳವಾಗಿ ಹೊರುತ್ತದೆ. ಹಳದಿ ಟ್ಯಾಂಗ್‌ನಂತೆ ದಿನವಿಡೀ ಈಜಾಡುವ ಮೀನು ಬೇಕೆಂದರೆ 120 ಸೆಂಟಿಮೀಟರಿಗಿಂತ ಕಡಿಮೆ ಉದ್ದದಲ್ಲಿ ಇಡಬಾರದು. ಅಂಥವರು ದೊಡ್ಡ ತೊಟ್ಟಿಯನ್ನೇ ಕೊಳ್ಳಲಿ, ಆದರೆ ಬಕೆಟ್ ಹೊರುವ ಯೋಚನೆ ಬಿಟ್ಟು, ನೀರು ಕಲಸುವ ಪೀಪಾಯಿಯಿಂದ ತೊಟ್ಟಿಗೂ ತೊಟ್ಟಿಯಿಂದ ಚರಂಡಿಗೂ ಪೈಪ್ ಮತ್ತು ಪಂಪನ್ನು ಮೊದಲ ದಿನವೇ ಜೋಡಿಸಿಕೊಳ್ಳಲಿ. ಬರೀ ನೀರೇ 440 ಕಿಲೋ ತೂಗುವ ಆ ತೊಟ್ಟಿಯನ್ನು ತುಂಬಿದ ಮೇಲೆ ಒಂದು ಗೇಣು ಆಚೀಚೆ ಸರಿಸಲೂ ಆಗುವುದಿಲ್ಲ. ನೆಲ ಅದನ್ನು ತಾಳುವುದೇ ಎಂಬುದನ್ನೂ ಮುಂಚೆಯೇ ವಿಚಾರಿಸಬೇಕು.

ನನ್ನ ದೊಡ್ಡ ತೊಟ್ಟಿಯನ್ನು ಪೈಪ್ ವ್ಯವಸ್ಥೆಯಿದ್ದ ಇನ್ನೊಬ್ಬ ಹವ್ಯಾಸಿಗೆ ಕೊಟ್ಟೆ. ಟ್ಯಾಂಗ್ ಮೀನು ಅದರೊಂದಿಗೇ ಹೋಯಿತು. 40 ಲೀಟರಿನದು ಮರಳು ಕಲ್ಲುಗಳಿಲ್ಲದೆ, ಹೊಸ ಮೀನುಗಳನ್ನು ಕೆಲವು ವಾರ ಪ್ರತ್ಯೇಕವಾಗಿಡುವ ತೊಟ್ಟಿಯಾಗಿ ಕೆಲಸಕ್ಕೆ ಬರುತ್ತಿದೆ, 25 ವ್ಯಾಟಿನ ಎರಡು ಹೀಟರ್‌ಗಳೊಂದಿಗೆ. 180 ಲೀಟರಿನದು ಐದನೆಯ ವರ್ಷಕ್ಕೆ ಕಾಲಿಟ್ಟಿದೆ. ನಾಳೆ ಅದರ ವಾರದ ಸರದಿ, ಉಪ್ಪು ಬೆರೆಸಿದ ಬಕೆಟ್ ಈಗಾಗಲೇ ಪಕ್ಕದಲ್ಲಿ ಸಿದ್ಧವಾಗಿದೆ.