ಕುದುರೆ ಶೇರಿಂಗ್‌ಗೆ ಕೊಡುವ ಮೊದಲು ಒಂದು ಮಳೆಗಾಲ ನೋಡಿ

ಕೊಡಗಿನಲ್ಲಿ ಸ್ವಂತಕ್ಕೆ ಅಂತ ಕುದುರೆ ಸಾಕಿರುವವರು ಕಡಿಮೆ. ಆದರೆ ಇನ್ನೊಬ್ಬರ ಕುದುರೆಯನ್ನು ವಾರಕ್ಕೆ ಕೆಲವು ದಿನ ಹತ್ತಿ, ಖರ್ಚಿನಲ್ಲಿ ಪಾಲು ಕೊಡ್ತೀನಿ ಅಂತ ಬರುವವರು ಸಿಗುತ್ತಾರೆ. ಹಾಗೆ ಬಂದ ಒಬ್ಬರಿಂದಾಗಿ ನನ್ನ ಕುದುರೆ ಸತ್ತು ಬದುಕಿತು. ಅವರ ಹೆಸರು ಬರೆಯುವುದಿಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ನಮ್ಮದು ಅಮ್ಮತ್ತಿ ಕಡೆ ಕಾಫಿ ತೋಟ. ಜಾಜಿ ರೇಸ್ ಬಿಟ್ಟ ಥರೋಬ್ರೆಡ್ ಹೆಣ್ಣು ಕುದುರೆ. ಇಂಥದ್ದನ್ನು ಲಾಯದಲ್ಲಿ ಸುಮ್ನೆ ಕಟ್ಟಿಹಾಕಿ ಇಡಲು ಆಗಲ್ಲ, ದಿನಾ ಕಾಲಾಡಿಸಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮಗೆ ಕೊಯ್ಲು. ಬೆಳಗ್ಗೆ ಆಳುಗಳ ಲೆಕ್ಕ, ಸಂಜೆ ಹಣ್ಣಿನ ತೂಕ, ಕತ್ತಲಾದರೆ ಕಣದ ಕೆಲಸ. ಕುದುರೆ ಹತ್ತಲು ಪುರುಸೊತ್ತೆಲ್ಲಿ? ಖರ್ಚೂ ಕಡಿಮೆ ಅಲ್ಲ. ಹುರುಳಿ, ಓಟ್ಸ್, ಬೂಸಾ, ಒಣಹುಲ್ಲು. ಆರೆಂಟು ವಾರಕ್ಕೊಮ್ಮೆ ಲಾಳ ಬದಲಿಸಲು ಮೈಸೂರಿನಿಂದ ಬರುವವರಿಗೆ ಕೂಲಿ, ಮೇಲೆ ಗಾಡಿ ಬಾಡಿಗೆ. ಅದಕ್ಕೇ ಶೇರಿಂಗ್ ಯೋಚನೆ.

ಕೊಯ್ಲು ಮುಗಿಯುವ ಹೊತ್ತಿಗೆ ಅವರು ಸಿಕ್ಕಿದರು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು. ಸವಾರಿ ನಿಜಕ್ಕೂ ಚೆನ್ನಾಗಿ ಬರುತ್ತಿತ್ತು. ಲಗಾಮು ಎಳೆದಾಡುತ್ತಿರಲಿಲ್ಲ, ಜಾಜಿಯೂ ಅವರ ಜೊತೆ ಸಮಾಧಾನವಾಗಿ ನಡೆಯುತ್ತಿದ್ದಳು. ವಾರಕ್ಕೆ ಮೂರು ದಿನ, ಮೇವಿನ ಅರ್ಧ ಖರ್ಚು ಅಂತ ಮಾತಾಯಿತು. ಹತ್ತುವ ಮೊದಲು ಗೊರಸು ಕೆರೆಯಬೇಕು, ಇಳಿದ ಮೇಲೆ ಮೈ ಉಜ್ಜಬೇಕು, ಜೀನು ಒರೆಸಿ ಇಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಕಾಫಿ ಹೂ ಬಿಟ್ಟ ತೋಟದಲ್ಲಿ ಬೆಳಗಿನ ಹೊತ್ತು ಕುದುರೆ ಮೇಲೆ ಹೋಗುವುದು ಯಾರಿಗೆ ಬೇಡ ಹೇಳಿ?

ಜೂನ್‌ನಲ್ಲಿ ಮಳೆ ಹಿಡಿಯಿತು. ‘ಅಕ್ಕಾ, ಇಲ್ಲಿ ಮಳೆ ಜೋರು, ನಾಳೆ ಬರ್ತೀನಿ’ ಅಂತ ಮೆಸೇಜ್. ನಾಳೆಯೂ ಅದೇ ಮೆಸೇಜ್. ಇಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಲೆಕ್ಕ ಅಂತ ಅವರಿಗೂ ಗೊತ್ತಿತ್ತು. ಬಾರದಿದ್ದರೆ ಹೋಗಲಿ, ಬಂದ ದಿನದ ಕೆಲಸವಾದರೂ ಆಗಬೇಕಲ್ಲ? ಲಾಯದ ಗೋಡೆಗೆ ಒಂದು ಪುಸ್ತಕ ನೇತುಹಾಕಿದ್ದೇನೆ. ಯಾರು ಏನು ಮಾಡಿದರು ಅಂತ ಅದರಲ್ಲಿ ಬರೆಯಬೇಕು. ಅವರು ಬಂದ ದಿನಗಳಲ್ಲೆಲ್ಲ ‘ಗೊರಸು ಕ್ಲೀನ್’ ಎಂಬುದರ ಮುಂದೆ ಟಿಕ್ ಇತ್ತು.

ಒಂದು ಸಂಜೆ ನಾನೇ ಕಾಲೆತ್ತಿ ನೋಡಿದೆ. ಗೊರಸಿನ ಅಡಿಯಲ್ಲಿ ಮೂರು ಮೂಲೆಯ ಮೆದು ಭಾಗ ಇರುತ್ತದೆ. ಅದರ ಎರಡೂ ಪಕ್ಕದ ಸಂದಿಯಲ್ಲಿ ಲದ್ದಿ, ಕೆಸರು ಸೇರಿ ಗಟ್ಟಿಯಾಗಿ ಕೂತಿತ್ತು. ಕೊಕ್ಕೆ ಹಾಕಿ ಕಿತ್ತರೆ ಕೆಳಗೆ ಕಪ್ಪು ರಸ, ಮೂಗು ಮುಚ್ಚಿಕೊಳ್ಳುವಂಥ ನಾತ. ಕೊಕ್ಕೆಯ ತುದಿ ತಾಗಿದ್ದೇ ಜಾಜಿ ಕಾಲು ಕಿತ್ತುಕೊಂಡಳು. ಇದಕ್ಕೆ ಥ್ರಶ್ ಅನ್ನುತ್ತಾರೆ. ಒದ್ದೆಯಲ್ಲಿ ನಿಲ್ಲುವ ಕುದುರೆಯ ಗೊರಸನ್ನು ದಿನಾ ಕೆರೆದು ಒಣಗಿಸದಿದ್ದರೆ ಬರುತ್ತದೆ. ಹಾಗೇ ಬಿಟ್ಟರೆ ಒಳಗಿನ ಜೀವ ಇರುವ ಭಾಗಕ್ಕೆ ಇಳಿದು ಕುಂಟಲು ಶುರುಮಾಡುತ್ತದೆ. ಟಿಕ್ ಬಗ್ಗೆ ಕೇಳಿದರೆ, ‘ಅಜ್ಜ ಮಾಡಿರ್ತಾರೆ ಅಂದ್ಕೊಂಡೆ ಅಕ್ಕಾ’ ಅಂದರು. ಅಜ್ಜ ಅಂದರೆ ನಮ್ಮ ಲಾಯ ನೋಡಿಕೊಳ್ಳುವವರು. ಮಾಡದ ಕೆಲಸಕ್ಕೆ ಟಿಕ್ ಹಾಕುವುದು ನನಗೆ ಮಳೆಗೆ ಹೆದರಿ ಬಾರದಿರುವುದಕ್ಕಿಂತ ದೊಡ್ಡ ವಿಷಯ. ಬಾರದವರ ಕೆಲಸ ಬಾಕಿ ಇದೆ ಅಂತ ನಮಗೆ ಗೊತ್ತಿರುತ್ತದೆ, ನಾವು ಮಾಡಿಕೊಳ್ಳುತ್ತೇವೆ. ಟಿಕ್ ಹಾಕಿದವರ ಕೆಲಸ ಬಾಕಿ ಇದೆ ಅಂತ ಕುದುರೆಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಆ ತಿಂಗಳುಗಳ ದುಡ್ಡೂ ಬರಲಿಲ್ಲ. ‘ನಾನು ಹತ್ತಲೇ ಇಲ್ಲವಲ್ಲ ಅಕ್ಕಾ’ ಅನ್ನುವ ಉತ್ತರ. ಮಳೆಗಾಲ ಅಂತ ಕುದುರೆ ಊಟ ಬಿಡುತ್ತದಾ?

ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಕಳೆದು ಬಿಸಿಲು ಕಾಣಿಸಿದ ಮೇಲೆ ಮತ್ತೆ ಬಂದರು. ದಸರಾ ರಜೆ ಹತ್ತಿರ ಬಂದಂತೆ ಬಾಕಿಯನ್ನೆಲ್ಲ ಒಂದೇ ಸಲ ತೀರಿಸಿದರು. ವಾರಕ್ಕೆ ಮೂರು ದಿನ ಸಾಲಲ್ಲ, ಮಧ್ಯಾಹ್ನವೂ ಬರ್ತೀನಿ ಅಂದರು. ಅದೇ ಹೊತ್ತಿಗೆ ಜಾಜಿಯ ಬೆನ್ನಿನ ಮೇಲೆ, ಜೀನು ಕೂರುವ ಜಾಗದಲ್ಲಿ, ಅಂಗೈ ಅಗಲ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಕೈ ಇಟ್ಟರೆ ಬೆನ್ನು ಕೆಳಗೆ ಬಗ್ಗಿಸುತ್ತಿದ್ದಳು. ‘ಏನೋ ಹುಳ ಕಚ್ಚಿರ್ಬೇಕು’ ಅಂದರು. ಹುಳ ಜೀನಿನ ಅಳತೆ ತೆಗೆದುಕೊಂಡು ಕಚ್ಚುತ್ತದಾ?

ನಾನು ಮೈಸೂರಿಗೆ ಹೋಗಿ ಬಂದ ದಿನ ರಾತ್ರಿ ಅಜ್ಜ ಬಂದು ಬಾಗಿಲು ತಟ್ಟಿದರು. ಜಾಜಿ ನೆಲ ಕೆರೆಯುತ್ತಿದ್ದಳು, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಿದ್ದಳು, ಮಲಗುವುದು, ಏಳುವುದು. ಮೈಯೆಲ್ಲ ಬೆವರು. ಸಂಜೆಯಿಂದ ಲದ್ದಿ ಹಾಕಿರಲಿಲ್ಲ. ಕೋಲಿಕ್, ಅಂದರೆ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹೋದದ್ದು ಹೋಯಿತು, ಕೆಳಗೇ ಇಳಿಯಬೇಕು. ಅದಕ್ಕೇ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅವಳದು 60 ದಾಟಿತ್ತು.

ಹತ್ತಿರದ ಪಶುವೈದ್ಯರು ಬಂದು ನೋವಿಗೆ ಇಂಜೆಕ್ಷನ್ ಕೊಟ್ಟರು. ಕುದುರೆ ನೋಡುವ ಡಾಕ್ಟರು ಮೈಸೂರಿನಿಂದ ಹೊರಟು ಬರಬೇಕಿತ್ತು. ಫೋನಿನಲ್ಲಿ ಅವರ ಮೊದಲ ಪ್ರಶ್ನೆ, ‘ಹೊಸದಾಗಿ ಏನಾದರೂ ತಿಂದಿದೆಯಾ?’ ಆ ದಿನ ಸವಾರಿಗೆ ಬಂದಿದ್ದವರಿಗೆ ಫೋನ್ ಮಾಡಿದೆ. ‘ದಿನಾ ಕೊಡೋದೇ ಕೊಟ್ಟೆ ಅಕ್ಕಾ, ಬೇರೆ ಏನೂ ಇಲ್ಲ.’ ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಮಾತು. ಅದನ್ನೇ ಡಾಕ್ಟರಿಗೆ ಹೇಳಿದೆ.

ಅವರು ಬಂದು ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿದಾಗ ಹುಳಿ ವಾಸನೆಯ ಗಂಜಿಯಂಥದ್ದು ಹೊರಬಂತು. ಅದರಲ್ಲಿ ಅನ್ನದ ಅಗುಳು! ನಮ್ಮ ಲಾಯದಲ್ಲಿ ಯಾವತ್ತೂ ಅನ್ನ ಹಾಕಿಲ್ಲ. ಇಂಥದ್ದು ಜಾಸ್ತಿ ತಿಂದರೆ ಹೊಟ್ಟೆಯೊಳಗೆ ಹುದುಗುತ್ತದೆ. ಹೊಟ್ಟೆ ತಡೆದುಕೊಂಡರೂ, ಒಂದೆರಡು ದಿನದಲ್ಲಿ ಗೊರಸಿನ ಒಳಗೆ ಉರಿ ಎದ್ದು ಲ್ಯಾಮಿನೈಟಿಸ್ ಆಗಬಹುದು. ಅದು ಕುದುರೆಯನ್ನು ಜೀವನಪೂರ್ತಿ ಕುಂಟ ಮಾಡಬಲ್ಲದು. ಮೊದಲೇ ಗೊತ್ತಿದ್ದರೆ ಆವಾಗಿನಿಂದಲೇ ಕಾಲುಗಳನ್ನು ಐಸ್‌ನಲ್ಲಿ ಇಡಬಹುದಿತ್ತು ಅಂದರು ಡಾಕ್ಟರು. ಆ ಒಂದು ಸುಳ್ಳಿನಿಂದ ಅಷ್ಟು ಗಂಟೆ ಹೋಯಿತು. ಜಾಜಿ ಉಳಿದಳು, ಗೊರಸೂ ಉಳಿಯಿತು. ಅದು ಅವಳ ಅದೃಷ್ಟ.

ಮಾರನೇ ದಿನ ಅಜ್ಜ ವಿಚಾರಿಸಿಕೊಂಡು ಬಂದರು. ಹತ್ತಿರದ ಹೋಂಸ್ಟೇಯೊಂದರಲ್ಲಿ ಅಡುಗೆ ಮಾಡುವ ಹುಡುಗ ಎಲ್ಲ ಹೇಳಿದ್ದ. ನಾನು ಇಲ್ಲದ ಮಧ್ಯಾಹ್ನಗಳಲ್ಲಿ ಜಾಜಿಯನ್ನು ಹಿಂದಿನ ಗೇಟಿನಿಂದ ಕರೆದುಕೊಂಡು ಹೋಗಿ, ಪ್ರವಾಸಿಗರನ್ನು ಕೂರಿಸಿ, ಫೋಟೋಗೆ ಇಷ್ಟು, ಒಂದು ರೌಂಡಿಗೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತಿದ್ದರಂತೆ. ಆ ದಿನ ಗೆಸ್ಟ್‌ಗಳು ಪ್ರೀತಿಯಿಂದಲೇ ಉಳಿದ ಪಲಾವ್, ಬ್ರೆಡ್ ಎಲ್ಲ ಬಕೆಟ್‌ಗೆ ಹಾಕಿ ಇಟ್ಟಿದ್ದಾರೆ. ಬಾಕಿ ತೀರಿಸಿದ ದುಡ್ಡು ಎಲ್ಲಿಂದ ಬಂತು ಅಂತ ಆಗ ಅರ್ಥವಾಯಿತು. ನನ್ನ ಕುದುರೆ ದುಡಿದ ದುಡ್ಡನ್ನೇ ನನಗೆ ಕೊಟ್ಟಿದ್ದರು.

ನನ್ನ ತಂಗಿಯ ಮಗಳು ಇನ್‌ಸ್ಟಾಗ್ರಾಂನಿಂದ ಒಂದು ರೀಲ್ ಹುಡುಕಿ ಕಳಿಸಿದಳು. ಮದುವೆಗೆ ಮುಂಚಿನ ಫೋಟೋಶೂಟ್. ಜರಿ ಅಂಚಿನ ಕೆಂಪು ಮಖಮಲ್ ಜೀನು, ಅದರ ಮೇಲೆ ಹುಡುಗ ಹುಡುಗಿ ಇಬ್ಬರೂ, ಮೂಲೆಯಲ್ಲಿ ಹಗ್ಗ ಹಿಡಿದು ನಿಂತ ನಮ್ಮ ಪಾಲುದಾರರು. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಶೇಕಡ 20 ದಾಟಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಜಾಜಿ ಹತ್ತಿರ ಹತ್ತಿರ 430 ಕೆಜಿ. ಅಂದರೆ 86 ಕೆಜಿ. ಆ ಇಬ್ಬರನ್ನು ನೋಡಿದರೆ ಜೀನು ಬಿಟ್ಟೇ 130 ಆಗುತ್ತಾರೆ. ಬೆನ್ನು ಕಚ್ಚಿದ ಹುಳ ಯಾವುದು ಅಂತ ಗೊತ್ತಾಯಿತು.

ಕೇಳಿದಾಗ ಬಂದ ಉತ್ತರ: ‘ಕುದುರೆಗೂ ವ್ಯಾಯಾಮ ಆಯ್ತಲ್ಲ ಅಕ್ಕಾ.’ ಅವರಿಗೆ ಕೊಟ್ಟಿದ್ದ ಲಾಯದ ಕೀ ವಾಪಸ್ ತೆಗೆದುಕೊಂಡೆ. ಡಾಕ್ಟರ ಬಿಲ್‌ನ ಅರ್ಧ ಕೇಳಿದ ಮೇಲೆ ನನ್ನ ನಂಬರ್ ಬ್ಲಾಕ್ ಆಯಿತು.

ಆ ರಸ್ತೆಯಲ್ಲಿ ಜಾಜಿ ಬೆದರಿ ಯಾರದ್ದಾದರೂ ಮಗುವನ್ನು ತುಳಿದಿದ್ದರೆ? ಪ್ರಾಣಿಯನ್ನು ಇಟ್ಟುಕೊಂಡವರು ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಆಗಬಹುದು. ಕುದುರೆ ಯಾರದ್ದು ಅಂತ ಪೊಲೀಸರು ಮೊದಲು ಬರುವುದು ನಮ್ಮ ಮನೆಗೇ ಅಲ್ವಾ? ಸಿದ್ದಾಪುರ, ಅಮ್ಮತ್ತಿ ಕಡೆಯಲ್ಲಂತೂ ಸಂಜೆಯಾದರೆ ತೋಟದಿಂದ ತೋಟಕ್ಕೆ ಆನೆ ದಾಟುತ್ತವೆ. ಬೇರೆಯವರ ಕುದುರೆ ಹಿಡಿದು ಆ ಹೊತ್ತಿನಲ್ಲಿ ರಸ್ತೆಯಲ್ಲಿ ಇರುವುದು ಧೈರ್ಯ ಅಲ್ಲ, ತಲೆಕೆಟ್ಟ ಕೆಲಸ.

ಶೇರಿಂಗೇ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಹೂವಿನ ಕಾಲದಲ್ಲಿ ಬಂದವರಿಗೆ ಕೀ ಕೊಡಬೇಡಿ. ಜೂನ್, ಜುಲೈಯಲ್ಲಿ ರೈನ್‌ಕೋಟ್ ಹಾಕಿಕೊಂಡು ಲದ್ದಿ ಎತ್ತಲು ಬರುತ್ತಾರಾ ನೋಡಿ. ಅಲ್ಲಿವರೆಗೆ ನೀವೋ ನಿಮ್ಮ ಆಳೋ ಇರುವಾಗ ಮಾತ್ರ ಸವಾರಿ. ಮೊದಲು ಯಾರ ಕುದುರೆ ಹತ್ತುತ್ತಿದ್ದರು ಅಂತ ಕೇಳಿ, ಅವರಿಗೆ ನೀವೇ ಫೋನ್ ಮಾಡಿ. ಸವಾರಿ ಹೇಗೆ ಅಂತ ಕೇಳುವುದಕ್ಕಿಂತ, ಏನಾದರೂ ಎಡವಟ್ಟಾದಾಗ ತಾನಾಗಿ ಬಂದು ಹೇಳಿದರಾ ಅಂತ ಕೇಳಿ. ಮಾತುಕತೆಯನ್ನು ಪೇಪರ್ ಮೇಲೆ ಬರೆದು ಇಬ್ಬರೂ ಸೈನ್ ಹಾಕಿ. ಅವರನ್ನು ಬಿಟ್ಟು ಬೇರೆ ಯಾರೂ ಹತ್ತುವಂತಿಲ್ಲ, ಗೇಟು ದಾಟಿದರೆ ಮೊದಲೇ ಹೇಳಬೇಕು, ಕುದುರೆಯಿಂದ ದುಡ್ಡು ಮಾಡುವಂತಿಲ್ಲ, ಮಳೆಗಾಲದಲ್ಲೂ ತಿಂಗಳ ದುಡ್ಡು ಮೊದಲೇ ಕೊಡಬೇಕು, ಅವರ ಕೈಯಲ್ಲಿ ಇದ್ದಾಗ ಆದ ಗಾಯದ ಖರ್ಚು ಯಾರದ್ದು, ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು. ಹಿಂದಿನ ಗೇಟಿಗೆ ಬೇರೆ ಬೀಗ ಹಾಕಿ. ವಾರಕ್ಕೊಮ್ಮೆ ನೀವೇ ನಾಲ್ಕೂ ಕಾಲು ಎತ್ತಿ ನೋಡಿ, ಬೆನ್ನಿನ ಮೇಲೆ ಅಂಗೈ ಒತ್ತಿ ನೋಡಿ. ಪುಸ್ತಕದಲ್ಲಿ ಏನು ಬರೆದಿದ್ದರೂ ಸರಿ.

ಈಗ ಕಾಲೇಜು ಓದುವ ಒಬ್ಬಳು ಹುಡುಗಿ ಬರುತ್ತಾಳೆ. ಅವಳ ಹತ್ತಿರ ಜಾಸ್ತಿ ದುಡ್ಡು ಇಲ್ಲ, ನಾನೂ ಜಾಸ್ತಿ ಕೇಳಲ್ಲ. ಬದಲಿಗೆ ಲಾಯದ ಕೆಲಸ ಮಾಡುತ್ತಾಳೆ. ಕಳೆದ ಜುಲೈಯಲ್ಲಿ ಜಿಗಣೆ ಕಿತ್ತುಕೊಳ್ಳುತ್ತಾ ಬಂದು, ‘ಅಕ್ಕಾ, ನಿನ್ನೆ ಲಗಾಮಿನ ಬಕಲ್ ನನ್ನ ಕೈಯಲ್ಲಿ ಮುರೀತು’ ಅಂತ ತಾನೇ ಹೇಳಿದಳು. ಅಂಥವರು ಸಿಕ್ಕಿದರೆ ಉಳಿಸಿಕೊಳ್ಳುವುದು ನಮ್ಮ ಕೆಲಸ. ಪರೀಕ್ಷೆ ಇದ್ದಾಗ ರಜೆ ಕೊಡಿ, ಪುತ್ತರಿ ಹಬ್ಬಕ್ಕೆ ಮನೆಗೆ ಹೋಗಲಿ, ಅವರ ಸವಾರಿಯ ದಿನ ನಿಮ್ಮ ನೆಂಟರ ಮಕ್ಕಳನ್ನು ಕುದುರೆ ಮೇಲೆ ಕೂರಿಸಲು ಹೇಳಬೇಡಿ.

ಆ ಮನುಷ್ಯರು ಈಗ ವಿರಾಜಪೇಟೆ ಕಡೆ ಇನ್ನೊಂದು ಕುದುರೆ ಕೇಳುತ್ತಿದ್ದಾರೆ ಅಂತ ಲಾಳ ಕಟ್ಟುವವರು ಹೇಳಿದರು. ನನ್ನ ಕುದುರೆ ಹತ್ತುತ್ತಿದ್ದ ವಿಷಯ ಅಲ್ಲಿ ಎತ್ತಿಲ್ಲವಂತೆ. ನಿಮ್ಮ ಹತ್ತಿರ ಯಾರಾದರೂ ಬಂದು, ಚೆನ್ನಾಗಿ ಸವಾರಿ ಮಾಡಿ, ಹಿಂದಿನ ಮಾಲೀಕರ ನಂಬರ್ ಕೇಳಿದರೆ ಮಾತ್ರ ಮಾತು ಬದಲಾಯಿಸಿದರೆ, ಲಾಳ ಕಟ್ಟುವವರನ್ನು ಕೇಳಿ. ಅವರ ಹತ್ತಿರ ನನ್ನ ನಂಬರ್ ಇದೆ.