ಮಾಳಿಗೆ ಮೇಲೆ 18.2 ಕಿಲೋಹರ್ಟ್ಸ್: ಡಾಂಗಲ್ಲಾ, ಸೌಂಡ್‌ಕಾರ್ಡಾ, ಏರ್‌ಸ್ಪೈನಾ?

ಎಸ್‌ಡಿಆರ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಸಾಫ್ಟ್‌ವೇರ್‌ನಿಂದ ನಡೆಯೋ ರೇಡಿಯೋದಲ್ಲಿ, ಮೀಡಿಯಂ ವೇವ್‌ಗಿಂತ ತೀರಾ ಕೆಳಗಿನ ಬ್ಯಾಂಡ್ ಕೇಳ್ಬೇಕು ಅನ್ನೋರು ರಿಸೀವರ್‌ಗೆ ದುಡ್ಡು ಸುರಿಯೋಕೆ ಹೋಗ್ಬೇಡಿ, ಆಂಟೆನಾಗೆ ಸುರೀರಿ, ಅದಕ್ಕಿಂತ ಮುಂಚೆ ಮನೇಲಿರೋ ಅಡಾಪ್ಟರ್‌ಗಳನ್ನೆಲ್ಲಾ ಒಂದ್ಸಲ ಕಿತ್ತು ನೋಡ್ರಿ. ನಂಗೆ ಇದು ಗೊತ್ತಾಗೋಕೆ ಎರಡು ಬೇಸಿಗೆ ಬೇಕಾಯ್ತು.

ಹೋಲಿಸೋಕೆ ಅಂತ ಒಂದೇ ಸ್ಟೇಷನ್ ಇಟ್ಕೊಂಡಿದ್ದೆ, ವಿಟಿಎಕ್ಸ್. ತಮಿಳುನಾಡಿನ ತಿರುನೆಲ್ವೇಲಿ ಕಡೆ ಐಎನ್ಎಸ್ ಕಟ್ಟಬೊಮ್ಮನ್ ಅಂತ ನೌಕಾಪಡೆಯವರದ್ದು ಐತಲ್ಲ, ಅಲ್ಲಿಂದ ಸಬ್‌ಮರೀನ್‌ಗಳಿಗೆ ಬಿಡೋದು, 18.2 ಕಿಲೋಹರ್ಟ್ಸ್. ದಾವಣಗೆರೆಯಿಂದ ಹೆಚ್ಚುಕಮ್ಮಿ ನೆಟ್ಟಗೆ ದಕ್ಷಿಣಕ್ಕೆ, ಸುಮಾರು 700 ಕಿಲೋಮೀಟರ್. ಅದು ಸಿಕ್ಕಿದ್ರೆ ಆಸ್ಟ್ರೇಲಿಯಾದ ಎನ್‌ಡಬ್ಲ್ಯೂಸಿ 19.8, ಅದೂ ಸಿಕ್ಕಿದ್ರೆ ಜಪಾನಿನ ಜೆಜೆಐ 22.2.

ಮೊದ್ಲು ತಗೊಂಡಿದ್ದು ಎಲ್ಲರ ಹಂಗೆ ಆರ್‌ಟಿಎಲ್-ಎಸ್‌ಡಿಆರ್ ವಿ3 ಅನ್ನೋ ಯುಎಸ್‌ಬಿ ಡಾಂಗಲ್. ಅದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ ಯಾರೋ ಒಬ್ಬ ಸೆಲ್ಲರ್ ಹತ್ರ ಇದೇ ಅಂತ ಹೇಳಿ ಡೂಪ್ಲಿಕೇಟ್ ತಗೊಂಡು ಕೆಟ್ಟಿದ್ದೆ, ಒಳಗೆ ಡೈರೆಕ್ಟ್ ಸ್ಯಾಂಪ್ಲಿಂಗ್ (ಟ್ಯೂನರ್ ಬಿಟ್ಟು ಆಂಟೆನಾ ಸಿಗ್ನಲನ್ನ ನೇರ ಚಿಪ್ಪಿಗೆ ಕೊಡೋದು) ವೈರಿಂಗೇ ಇರ್ಲಿಲ್ಲ, ಆ ಕಥೆ ಬಿಡಿ. ಅಸಲಿ ವಿ3 ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ 500 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಕೆಲಸ ಮಾಡೋಕೆ ಅಂತ ಇರೋದು. ಮಾಳಿಗೆಯಿಂದ ಎದುರಿನ ತೆಂಗಿನಮರಕ್ಕೆ 20 ಮೀಟರ್ ವೈರ್ ಎಳೆದು, ನಡುವೆ ವೈರನ್ನ ರಿಸೀವರ್‌ಗೆ ಹೊಂದಿಸೋ 9:1 ಟ್ರಾನ್ಸ್‌ಫಾರ್ಮರ್ ಹಾಕಿ ಕೊಟ್ಟೆ. ಮೀಡಿಯಂ ವೇವ್ ಅಂತೂ ಜಾತ್ರೆ: ಬೆಂಗಳೂರು 612, ಧಾರವಾಡ 765, ಇಲ್ಲೇ 70 ಕಿಲೋಮೀಟರ್ ಚಿಲ್ರೆ ದೂರದ ಭದ್ರಾವತಿ 675 ಅಂತೂ ಗೋಡೆ ಹಂಗೆ ನಿಂತಿತ್ತು. ಆದ್ರೆ 18.2ಕ್ಕೆ ಬಂದ್ರೆ ಸ್ಕ್ರೀನ್ ಮೇಲೆ ಬರೀ ಬೂದಿ ಬಣ್ಣ. ಇದು 8 ಬಿಟ್ಟಿನ ಎಡಿಸಿ (ಸಿಗ್ನಲನ್ನ ಅಂಕಿ ಮಾಡೋ ಚಿಪ್ಪು), ಜೋರು ಸಿಗ್ನಲ್‌ಗೂ ಸಣ್ಣದಕ್ಕೂ ನಡುವೆ ಲೆಕ್ಕದಲ್ಲಿ 50 ಡಿಬಿ ಅಷ್ಟೇ ರೇಂಜು, ಜೋರಾಗಿರೋ ಸ್ಟೇಷನ್ ಅದನ್ನ ತುಂಬಿಕೊಂಡ್ರೆ ಸಣ್ಣ ಸಿಗ್ನಲ್ ಎಲ್ಲಿ ಕೂರ್ಬೇಕು? ಮೀಡಿಯಂ ವೇವ್, ಶಾರ್ಟ್‌ವೇವ್‌ಗೆ ಕಣ್ಣು ಮುಚ್ಕೊಂಡು ತಗೊಳ್ಳಿ, ಅದರ ಕೆಳಗೆ ಅದನ್ನ ಬೈದು ಪ್ರಯೋಜನ ಇಲ್ಲ.

ಎರಡನೇದು ಯುಎಸ್‌ಬಿ ಸೌಂಡ್‌ಕಾರ್ಡ್. ನಗ್ಬೇಡಿ. 48 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ಇರೋ ಕಾರ್ಡು 24 ಕಿಲೋಹರ್ಟ್ಸ್ ತನಕ ನೇರ ರಿಸೀವರ್ ಆಗುತ್ತೆ, ನಂಗೆ ಬೇಕಾದ ಮೂರೂ ಸ್ಟೇಷನ್ ಅದರೊಳಗೇ ಅದಾವೆ. ಜಪಾನಿನ ಟೈಮ್ ಸಿಗ್ನಲ್ 40 ಕಿಲೋಹರ್ಟ್ಸ್ ಬೇಕು ಅಂದ್ರೆ ಮಾತ್ರ 96ರ ಕಾರ್ಡ್ ನೋಡ್ಬೇಕು. 16 ಬಿಟ್ ಬೇರೆ, ಮೇಲಾಗಿ ಭದ್ರಾವತಿ ಅಲ್ಲಿವರೆಗೆ ಬಂದು ತೊಂದ್ರೆ ಕೊಡಲ್ಲ. ಸ್ಪೆಕ್ಟ್ರಮ್ ಲ್ಯಾಬ್ ಅಂತ ಫ್ರೀ ಸಾಫ್ಟ್‌ವೇರ್ ಸಾಕು.

ಆದ್ರೆ ಸೌಂಡ್‌ಕಾರ್ಡ್‌ಗೆ ಲೂಪ್, ಅಂದ್ರೆ ಚೌಕಟ್ಟಿಗೆ ವೈರ್ ಸುತ್ತಿದ ಆಂಟೆನಾ, ಬೇಕು. ಒಂದು ಮೀಟರ್ ಚೌಕದ ಮರದ ಫ್ರೇಮು, 30 ಸುತ್ತು. ವೈರಿಗೆ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗಿ 22 ಗೇಜ್ ಅರ್ಧ ಕೆಜಿ ಕೊಡ್ರಿ ಅಂದ್ರೆ ಆ ಮನುಷ್ಯ "ಎಷ್ಟ್ ಎಚ್‌ಪಿ ಮೋಟ್ರು ಸರ್, ಬೋರಿಂದಾ?" ಅಂತ ಕೇಳ್ದ, ರೇಡಿಯೋಗೆ ಅಂದೆ, ತೂಕ ಹಾಕ್ತಿದ್ದವ ನನ್ನ ಮುಖ ಮತ್ತೊಮ್ಮೆ ನೋಡ್ದ. ಜೊತೆಗೆ 25 ನ್ಯಾನೋಫ್ಯಾರಡ್ ಹತ್ರದ ಕೆಪಾಸಿಟರ್ ಹಾಕಿದ್ರೆ 18.2 ಎದ್ದು ನಿಲ್ತೈತೆ, ತೆಗೆದ್ರೆ ಉಳಿದವೂ ಸಮನಾಗಿ ಕಾಣ್ತಾವೆ.

ಮೊದಲ ರಾತ್ರಿ ವಾಟರ್‌ಫಾಲ್ (ಸಿಗ್ನಲ್‌ಗಳನ್ನ ಗೆರೆಯಾಗಿ ತೋರಿಸೋ ಚಿತ್ರ) ತುಂಬಾ ಮನೆ ಕರೆಂಟಿನ 50 ಹರ್ಟ್ಸ್‌ನ ಮರಿಮಕ್ಕಳು, ಬಾಚಣಿಗೆ ಹಲ್ಲಿನ ಹಂಗೆ ಗೆರೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ಅರ್ಧ ಹೋಯ್ತು. ಅವ್ವನ ಕೋಣೆ ಎಲ್‌ಇಡಿ ಬಲ್ಬ್ ಆಫ್ ಮಾಡ್ಸಿದೆ, "ಕತ್ಲಾಗೆ ಕೂರ್ಸಿ ಅದೇನ್ ಕೇಳ್ತೀಯೋ ತಮ್ಮಾ" ಅಂದ್ಲು. ಆಮೇಲೆ ಫ್ರೇಮನ್ನ ಎರಡೂ ಕೈಲಿ ಹಿಡ್ಕೊಂಡು ಮೆಲ್ಲಗೆ ತಿರುಗಿಸ್ತಾ ಹೋದೆ. ಇನ್ವರ್ಟರ್ ಮನೆಯ ಪೂರ್ವದ ಮೂಲೇಲಿ ಐತೆ, ವಿಟಿಎಕ್ಸ್ ದಕ್ಷಿಣಕ್ಕೆ, ಹಂಗಾಗಿ ಲೂಪಿನ ಅಂಚು ದಕ್ಷಿಣಕ್ಕೆ ಬಂದಾಗ ಇನ್ವರ್ಟರ್ ಗೆರೆಗಳು ಒಂದೊಂದೇ ಮಾಯ ಆಗಿ, 18.2ರಲ್ಲಿ ಅಗಲವಾದ ಹಳದಿ ಪಟ್ಟಿ ಉಳೀತು. ಪಟ್ಟಿ ಯಾಕೆ ಅಂದ್ರೆ ಅದು ಎಮ್‌ಎಸ್‌ಕೆ ಡೇಟಾ (ಫ್ರೀಕ್ವೆನ್ಸಿನ ಚೂರು ಆಚೀಚೆ ಮಾಡಿ ಕಳ್ಸೋದು), ತೆಳು ಗೆರೆ ಬರಲ್ಲ. ಅವತ್ತು ಊಟ ಮಾಡಿದ್ದು ಹನ್ನೊಂದೂವರೆಗೆ.

ಮೂರನೇದು ಏರ್‌ಸ್ಪೈ ಎಚ್‌ಎಫ್ ಪ್ಲಸ್ ಡಿಸ್ಕವರಿ ಅನ್ನೋ ಎಸ್‌ಡಿಆರ್ ರಿಸೀವರ್, ಚಿತ್ರದುರ್ಗದ ಸ್ನೇಹಿತರೊಬ್ರ ಹತ್ರ ಒಂದು ತಿಂಗಳಿಗೆ ಕಡ ತಂದಿದ್ದು. ಅರ್ಧ ಕಿಲೋಹರ್ಟ್ಸ್‌ನಿಂದ 31 ಮೆಗಾಹರ್ಟ್ಸ್ ತನಕ ಒಂದೇ ಡಬ್ಬೀಲಿ. ಒಳ್ಳೆ ಸಾಮಾನು, ಭದ್ರಾವತಿ ಅದಕ್ಕೆ ಲೆಕ್ಕಕ್ಕೇ ಇಲ್ಲ, ಮೀಡಿಯಂ ವೇವ್‌ನಲ್ಲಿ ರಾತ್ರಿ ಅದು ಹೆಕ್ಕಿ ಕೊಟ್ಟಿದ್ದನ್ನ ವಿ3 ಕನಸಲ್ಲೂ ಕೊಡಲ್ಲ. ಆದ್ರೆ ಅದೇ ಲೂಪ್ ಹಾಕಿ 18.2ರಲ್ಲಿ ನೋಡಿದ್ರೆ ಸೌಂಡ್‌ಕಾರ್ಡ್‌ಗಿಂತ ನನ್ನ ಕಣ್ಣಿಗೆ ಏನೂ ಜಾಸ್ತಿ ಕಾಣ್ಲಿಲ್ಲ. ನಮ್ಮನೆ ಗಲಾಟೆನೇ ಇಬ್ಬರಿಗಿಂತ ಎತ್ತರದಲ್ಲಿ ಕೂತಿರುವಾಗ ರಿಸೀವರ್ ಎಷ್ಟು ಚುರುಕಾಗಿದ್ರೇನು.

ಮಿನಿವಿಪ್ ಅನ್ನೋ ಪುಟ್ಟ ಆಂಟೆನಾ ಬಗ್ಗೆ ಜನ ಬಹಳ ಹೊಗಳ್ತಾರೆ, ನೆದರ್ಲೆಂಡ್ಸ್‌ನ ಟ್ವೆಂಟೆ ಯೂನಿವರ್ಸಿಟಿಯ ವೆಬ್‌ಎಸ್‌ಡಿಆರ್ (ಇಂಟರ್ನೆಟ್‌ನಲ್ಲಿ ಯಾರು ಬೇಕಾದ್ರೂ ಕೇಳೋ ರಿಸೀವರ್) ಅದರಲ್ಲೇ ನಡೆಯೋದು, ಅಂಗೈ ಅಷ್ಟು ತಾಮ್ರದ ತುಂಡು, ಒಂದೆರಡು ಟ್ರಾನ್ಸಿಸ್ಟರ್. ನಾನು ನೀರಿನ ಟ್ಯಾಂಕ್ ಮೇಲೆ ಕಬ್ಬಿಣದ ಪೈಪಿಗೆ ಕಟ್ಟಿದೆ, 12 ವೋಲ್ಟ್ ಅಡಾಪ್ಟರ್‌ನಿಂದ ಕರೆಂಟ್ ಕೊಟ್ಟೆ, ಕೇಳಿಸಿದ್ದು ಅಡಾಪ್ಟರ್! ಬೈಕಿನ ಬ್ಯಾಟರಿ ಕೊಟ್ಟ ಮೇಲೆ ಕೇಳಿಸಿದ್ದು ಇಡೀ ಓಣಿ. ಕೇಬಲ್ಲಿನ ಹೊರಕವಚನೇ ಅದಕ್ಕೆ ಅರ್ಧ ಆಂಟೆನಾ, ಮನೆ ಅರ್ಥಿಂಗ್ ಗಲೀಜೆಲ್ಲಾ ಅದರಲ್ಲೇ ಹತ್ತಿ ಬರ್ತೈತೆ, ಕಂಬದ ಬುಡದಲ್ಲಿ ಬೇರೆ ಅರ್ಥ್ ರಾಡ್ ಹೊಡೀಬೇಕು. ಊರೊಳಗೆ ಲೂಪೇ ಸರಿ ಅಂತ ನನ್ನ ತೀರ್ಮಾನ.

ತೋಟದಲ್ಲಿ ಮಾತ್ರ ಲೆಕ್ಕ ಉಲ್ಟಾ. ಹೊಳಲ್ಕೆರೆ ಕಡೆ ನಮ್ಮ ಬಾವನ ಅಡಿಕೆ ತೋಟಕ್ಕೆ ಮೇ ಕೊನೇಲಿ ಎಲ್ಲಾ ಹೊತ್ಕೊಂಡು ಹೋಗಿದ್ದೆ. ಅಲ್ಲಿ ಬುಡಕ್ಕೊಂದು ರಾಡ್ ಹೊಡೆದು ನಿಲ್ಲಿಸಿದ ಮಿನಿವಿಪ್ ಜೊತೆ ಏರ್‌ಸ್ಪೈ ಹಾಕಿದ್ರೆ ಮೂರೂ ಸ್ಟೇಷನ್ ಬಂದ್ವು, ಜೆಜೆಐ ಲೂಪ್‌ನಲ್ಲಿ ಊರಲ್ಲಿ ಒಂದ್ಸಲನೂ ಕಂಡಿರ್ಲಿಲ್ಲ. ಅಲ್ಲಿ ಎಳೆದಿದ್ದ ಉದ್ದ ವೈರ್ ಆಂಟೆನಾ ಕಥೆ ಕೋತಿಗಳು ಬೆಳಗ್ಗೆಯೊಳಗೆ ಮುಗಿಸಿದ್ವು.

ಈಗ ಏರ್‌ಸ್ಪೈ ವಾಪಸ್ ಹೋಗೈತೆ. ಮಾಳಿಗೆ ಮೇಲಿನ ಲೂಪ್, ಸೌಂಡ್‌ಕಾರ್ಡ್, ಒಂದು ಹಳೇ ಲ್ಯಾಪ್‌ಟಾಪ್ ಇಡೀ ದಿನ ವಿಟಿಎಕ್ಸ್ ಮಟ್ಟ ಬರೀತಾ ಇರ್ತವೆ, ಸೂರ್ಯನಲ್ಲಿ ಫ್ಲೇರ್ ಆದ್ರೆ ಹಗಲಲ್ಲಿ ಅಯಾನುಗೋಳದ ಕೆಳಗಿನ ಡಿ ಪದರ ಬದಲಾಗಿ ಆ ಗೆರೆ ಕೆಲವೇ ನಿಮಿಷದಲ್ಲಿ ಜಿಗೀಬೇಕು. ತೋಟದಲ್ಲಿ ಕೊನೇ ರಾತ್ರಿ ಲೂಪಿನ ಕೆಪಾಸಿಟರ್ ಕಿತ್ತು, ಸಿಗ್ನಲ್ ದೊಡ್ಡದು ಮಾಡೋ ಸಣ್ಣ ಪ್ರಿಆಂಪ್ ಹಾಕಿ, ಬಾವನ ಕಿವಿಗೆ ಹೆಡ್‌ಫೋನ್ ಕೊಟ್ಟಿದ್ದೆ. ದೂರದ ಸಿಡಿಲಿನ ಚಟಪಟ ಮಧ್ಯೆ ಟ್ವೀಕ್ ಬರ್ತಾವೆ, ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಹಾದು ಬಂದು ಎರಡು ಕಿಲೋಹರ್ಟ್ಸ್ ಹತ್ರ ಬಾಗೋ ಸದ್ದು, ಟ್ಯೂಂ ಟ್ಯೂಂ ಅಂತ. ಬಾವ ಹತ್ತು ನಿಮಿಷ ಕೇಳಿ ಹೆಡ್‌ಫೋನ್ ತೆಗೆದು, "ಮಳೆ ಎಲ್ಲೋ ಹೊಡೀತೈತೆ ಬಿಡು, ನಾಳೆ ಗೊಬ್ಬರ ಹಾಕಂಗಿಲ್ಲ" ಅಂದ್ರು.