ತಮ್ಮನ ಮದುವೆ ನಡೆಸಿಕೊಡಲು ಮೂವರನ್ನು ಕಂಡು ಬಂದೆವು

ನನ್ನ ತಮ್ಮ ಮತ್ತು ಅವನು ಮೆಚ್ಚಿದ ಮಂಡ್ಯದ ಹುಡುಗಿ ಮಂತ್ರ ಮಾಂಗಲ್ಯದ ರೀತಿ, ಅಂದರೆ ಪುರೋಹಿತರಿಲ್ಲದೆ ಪ್ರಮಾಣ ವಚನ ಹೇಳಿ, ಸರಳವಾಗಿ ಮದುವೆಯಾಗುತ್ತೇವೆ ಅಂದರು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಹೀಗೇ ಮಾಡಿಸಿದ್ದು ಮೈಸೂರಿನವರಿಗೆ ಹೊಸ ಸುದ್ದಿಯಲ್ಲ. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅಜ್ಜಿ ಮಾತ್ರ ಕೇಳಿದರು: "ಧಾರೆ ಇಲ್ದಿದ್ರೆ ಅದೆಂಥ ಮದ್ವೆ?"

ಇಲ್ಲಿ ಪುರೋಹಿತರು ಬೇಡ, ಯಾರು ಬೇಕಾದರೂ ಮುಂದೆ ನಿಂತು ನಡೆಸಿಕೊಡಬಹುದು. ಆರಿಸುವುದು ಕಷ್ಟವಾಗಿದ್ದು ಅದಕ್ಕೇ.

ಮೊದಲು ಕಂಡಿದ್ದು ಕುವೆಂಪುನಗರದ ನಿವೃತ್ತ ಕನ್ನಡ ಮೇಷ್ಟ್ರನ್ನು. ಅವರು ನಡೆಸುತ್ತಿದ್ದ ಇನ್ನೊಂದು ಮದುವೆಗೇ ಹೋಗಿ ಕೂತೆವು. ಪ್ರಮಾಣ ವಚನ ಹೇಳಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಉದ್ದ ವಾಕ್ಯಗಳನ್ನು ಮೂರು ಮೂರು ಪದಕ್ಕೆ ಪೆನ್ಸಿಲ್ ಗೆರೆ ಹಾಕಿ ಒಡೆದಿದ್ದರು. ಅವರು ಇಷ್ಟಿಷ್ಟೇ ಹೇಳಿ ನಿಲ್ಲಿಸುತ್ತಿದ್ದರು, ಹುಡುಗ ಹುಡುಗಿ ಎಲ್ಲೂ ತಡವರಿಸಲಿಲ್ಲ. ಆಮೇಲೆ ಭಾಷಣ ಶುರುವಾಯಿತು. ಸರಳ ಮದುವೆಯ ಬಗ್ಗೆ ಒಳ್ಳೆಯ ಮಾತುಗಳೇ, ಆದರೆ ಮುಕ್ಕಾಲು ಗಂಟೆ! ಮದುಮಗಳು ಹಾರ ಹೊತ್ತು ನಿಂತೇ ಇದ್ದಳು. ಅಷ್ಟು ಹೊತ್ತಿನಲ್ಲಿ ಆ ಇಬ್ಬರ ಹೆಸರು ಬಂದಿದ್ದು ಎರಡೇ ಸಲ.

ಎರಡನೆಯವರು ರಂಗಭೂಮಿಯ ಹೆಣ್ಣುಮಗಳು. ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಎರಡು ಗಂಟೆ ಮಾತಾಡಿಸಿದರು. ವಾರದಲ್ಲಿ ನಾಲ್ಕು ಪುಟ ಬರೆದು ಕಳಿಸಿದರು. ಓದುವಾಗ ನನಗೆ ಕಣ್ಣು ತುಂಬಿತು. ಆದರೆ ಅಮ್ಮನ ಕಡೆಯವರ ಮುಂದೆ ಬೇಡ ಅನ್ನಿಸುವ ಒಂದೆರಡು ಸಂಗತಿ ಅದರಲ್ಲಿದೆ ಅಂತ ಹುಡುಗಿ ಮುದುಡಿದಳು. ಹೇಳಿದ ತಕ್ಷಣ ತೆಗೆದುಹಾಕಿದರು, ಆ ದೊಡ್ಡ ಮನಸ್ಸು ನನಗೆ ಇಷ್ಟವಾಯಿತು. ಧಾರೆ ವಿಷಯಕ್ಕೆ ಮಾತ್ರ ಖಡಾಖಂಡಿತವಾಗಿ ಇಲ್ಲ ಅಂದರು. ಹೆಣ್ಣನ್ನು ದಾನ ಕೊಡುವುದು ತಪ್ಪಲ್ವಾ? ಒಪ್ಪುತ್ತೇನೆ. ಆದರೂ ಅಜ್ಜಿಯ ಮುಖ ನೋಡಲಾಗಲಿಲ್ಲ.

ಮೂರನೆಯವರು ಪಾಂಡವಪುರ ಕಡೆಯ ರೈತ ಚಳವಳಿಯ ಹಿರಿಯರು. ರೈತಸಂಘದವರು ನಮ್ಮ ಹಳ್ಳಿಗಳಲ್ಲಿ ಇಂಥ ಸರಳ ಮದುವೆಗಳನ್ನು ನಡೆಸಿಕೊಂಡೇ ಬಂದಿದ್ದಾರೆ. ಹಸಿರು ಶಾಲು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಬಂದರು. ಬಸ್ ಚಾರ್ಜ್ ಬಿಟ್ಟು ಬೇರೇನೂ ಬೇಡ ಅಂದರು. ನೇರ ಅಜ್ಜಿ ಪಕ್ಕ ಕೂತು, "ನಿಮ್ಮ ಮದ್ವೇಲಿ ಧಾರೆ ಯಾರು ಎರೆದ್ರು?" ಅಂತ ಕೇಳಿದರು. ಅಜ್ಜಿ ಅರ್ಧ ಗಂಟೆ ಹೇಳಿದರು. ಅವರ ಅಪ್ಪ ಆಗಲೇ ತೀರಿಕೊಂಡಿದ್ದರಂತೆ. ಸೋದರಮಾವ ಎರೆದರಂತೆ, ಅವರ ಕೈ ನಡುಗಿ ಹಾಲೆಲ್ಲ ಸೀರೆ ಮೇಲೆ ಚೆಲ್ಲಿತಂತೆ. ನಾವು ಮೊಮ್ಮಕ್ಕಳು ಇದನ್ನು ಯಾವತ್ತೂ ಕೇಳಿರಲಿಲ್ಲ. ಕೊನೆಗೆ ಹಿರಿಯರು ಅಂದರು: "ಯಾರನ್ನೂ ಯಾರಿಗೂ ದಾನ ಕೊಡೋದು ಬೇಡ. ಎರಡೂ ಮನೆಯವರು ಸೇರಿ ಇಬ್ಬರ ಕೈ ಮೇಲೂ ಹಾಲು ಬಿಡಿ. ಮೊದಲು ಅಜ್ಜಿ ಬಿಡಲಿ."

ಅವರಲ್ಲೂ ಕೊರತೆ ಇತ್ತು. ದನಿ ಸಣ್ಣದು. ರಿಹರ್ಸಲ್‌ನಲ್ಲಿ ಹುಡುಗಿಯ ಹೆಸರನ್ನು ಎರಡು ಸಲ ತಪ್ಪು ಹೇಳಿದರು. ಹೊಸದಾಗಿ ಬರೆಯುವುದು ಅವರಿಗೆ ಬರುವುದಿಲ್ಲ. ಆದರೂ ಅವರನ್ನೇ ಒಪ್ಪಿದೆವು. ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆವು, ಕಾಲರ್ ಮೈಕ್ ತಂದೆವು. ವಚನಗಳಿಗೆ ಮೇಷ್ಟ್ರ ಹಾಗೆ ನಾನೇ ಪೆನ್ಸಿಲ್ ಗೆರೆ ಹಾಕಿದೆ. ರಂಗಭೂಮಿಯವರಿಗೆ ದುಡ್ಡು ಕೊಟ್ಟು, ಅವರ ಒಪ್ಪಿಗೆ ಕೇಳಿ, ಆ ಬರಹದ ಒಂದು ಪುಟವನ್ನು ನಮ್ಮಮ್ಮ ಓದಿದರು. ಎಲ್ಲ ಸೇರಿ ಮೂವತ್ತು ನಿಮಿಷ.

ಯಾರು ನಡೆಸಿಕೊಟ್ಟರೂ ಕಾನೂನಿನ ಕೆಲಸ ಬೇರೆಯೇ. ನಾವು 1954ರ ವಿಶೇಷ ವಿವಾಹ ಕಾಯ್ದೆಯಡಿ ಹೋದೆವು. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು, ಮೂರು ತಿಂಗಳೊಳಗೆ ಮದುವೆ ಮುಗಿಸಬೇಕು. ಛತ್ರ ಹಿಡಿಯುವ ಮೊದಲೇ ನೋಟಿಸ್ ಕೊಡಿ. ಸಾಕ್ಷಿಗೆ ಮೂವರು ಬೇಕು. ನಮ್ಮಲ್ಲಿ ಒಬ್ಬರು ಆ ಹಿರಿಯರು, ಒಬ್ಬಳು ನಾನು, ಇನ್ನೊಬ್ಬರು ಅಜ್ಜಿ.